‘ಅಲೌ’ ಒತ್ತಿದ್ದನ್ನು ವಾಪಸು ಪಡೆಯುವುದು

ಕಂಪ್ಯೂಟರ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಏಳುತ್ತದೆ. ‘ಎಚ್ಚರಿಕೆ, ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ.’ ಅದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು: ನಿಮಗೆ ಫೋನ್ ಬಹುಮಾನ ಬಂದಿದೆ. ಮತ್ತೊಂದು: ದಾಖಲೆಯಿಲ್ಲದೆ ಸಾಲ. ಮಕ್ಕಳ ಎದುರು ತೋರಿಸಲಾಗದ ಚಿತ್ರವೂ ನಡುವೆ ಬಂದುಹೋಗುತ್ತದೆ. ಗಾಬರಿಯಾದ ಮನೆಯವರು ಆಂಟಿವೈರಸ್ ಓಡಿಸುತ್ತಾರೆ, ಅದು ಎಲ್ಲ ಸರಿಯಾಗಿದೆ ಅನ್ನುತ್ತದೆ. ಇನ್ನೊಂದು ಆಂಟಿವೈರಸ್ ಹಾಕುತ್ತಾರೆ, ಅದೂ ಅದನ್ನೇ ಹೇಳುತ್ತದೆ. ಕೊನೆಗೆ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಹೊಡೆಸುತ್ತಾರೆ. ಇಷ್ಟೂ ಓಡಾಟದಲ್ಲಿ ಆಂಟಿವೈರಸ್ ಸುಳ್ಳು ಹೇಳಿರುವುದಿಲ್ಲ. ಹುಡುಕಲು ಹೊರಟದ್ದೇ ಅಲ್ಲಿರಲಿಲ್ಲ. ಇಂಥ ಕಾಟದಲ್ಲಿ ಬಹುಪಾಲು ಬೀಗ ಒಡೆದು ಒಳಗೆ ಬಂದದ್ದಲ್ಲ. ಎಂದೋ ಒಂದು ದಿನ, ಯಾವುದೋ ಅವಸರದಲ್ಲಿ ನಮ್ಮಿಂದಲೇ ಒಪ್ಪಿಗೆ ಪಡೆದು ಬಂದದ್ದು. ಆದ್ದರಿಂದ ಅದನ್ನು ತೆಗೆಯುವ ಕೆಲಸ ಔಷಧಿ ಹೊಡೆಯುವುದರಿಂದ ಶುರುವಾಗಬಾರದು, ಕೊಟ್ಟ ಒಪ್ಪಿಗೆಗಳು ಎಲ್ಲೆಲ್ಲಿ ಬರೆದಿವೆ ಎಂದು ಹುಡುಕುವುದರಿಂದ ಶುರುವಾಗಬೇಕು.

ಮೊದಲು ಈ ಚೌಕಗಳು ಬರುವ ದಾರಿ ನೋಡೋಣ. ಜಾಲತಾಣವೊಂದು ತನ್ನ ಪುಟ ತೆರೆದಿಲ್ಲದಾಗಲೂ ಬಳಕೆದಾರರಿಗೆ ಸಂದೇಶ ಕಳಿಸಬಹುದಾದ ವ್ಯವಸ್ಥೆಯನ್ನು ಗೂಗಲ್ 2015ರ ಏಪ್ರಿಲ್‌ನಲ್ಲಿ ಕ್ರೋಮ್ ಬ್ರೌಸರಿಗೆ ತಂದಿತು. ಮರುವರ್ಷ ಫೈರ್‌ಫಾಕ್ಸ್‌ಗೂ ಬಂತು. ತಾಣ ಅನುಮತಿ ಕೇಳುತ್ತದೆ. ಅಲೌ ಒತ್ತಿದರೆ ಬ್ರೌಸರು ಆ ತಾಣಕ್ಕೊಂದು ವಿಳಾಸ ಕೊಡುತ್ತದೆ, ಜೊತೆಗೆ ತಾಣದ ಪುಟ್ಟ ಪ್ರೋಗ್ರಾಂ ಒಂದನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಕಳಿಸಿದ್ದೆಲ್ಲ ಬ್ರೌಸರ್ ಕಂಪನಿಯ ಸರ್ವರ್ ಮೂಲಕವೇ ಬಂದು, ವಿಂಡೋಸ್ ತನ್ನ ಸ್ವಂತ ಸೂಚನೆಗಳನ್ನು ತೋರಿಸುವ ಜಾಗದಲ್ಲೇ ಕಾಣಿಸಿಕೊಳ್ಳುತ್ತದೆ. ಜನ ಮೋಸ ಹೋಗುವುದು ಈ ಜಾಗದಿಂದ. ಕಂಪ್ಯೂಟರೇ ಹೇಳುತ್ತಿದೆ ಅನಿಸುತ್ತದೆ. ಆಂಟಿವೈರಸ್ಸಿಗೆ ಮಾತ್ರ ಇದು ಅಪ್ಪಟ ಕ್ರೋಮ್ ತನ್ನ ಅಪ್ಪಟ ಕೆಲಸ ಮಾಡಿದಂತೆ ಕಾಣುತ್ತದೆ, ಹಾಗಾಗಿ ಅದು ಸುಮ್ಮನಿರುತ್ತದೆ.

ಈ ಸೌಲಭ್ಯವನ್ನು ಜನ ಕೇಳಿಕೊಂಡು ಪಡೆದದ್ದೇನೂ ಅಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2019ರಲ್ಲಿ ತನ್ನ ಬಳಕೆದಾರರ ಅಂಕಿಅಂಶ ಪ್ರಕಟಿಸಿತು: ಇಂಥ ಕೋರಿಕೆಗಳಲ್ಲಿ ಸುಮಾರು 99 ಶೇಕಡಾ ಒಪ್ಪಿಗೆ ಪಡೆಯುವುದೇ ಇಲ್ಲ, 48 ಶೇಕಡಾವನ್ನು ಜನ ಬೇಕೆಂದೇ ನಿರಾಕರಿಸುತ್ತಾರೆ. 2020ರ ಜನವರಿಯಿಂದ ಫೈರ್‌ಫಾಕ್ಸ್ ಆ ಕೋರಿಕೆಯನ್ನು ವಿಳಾಸ ತೋರಿಸುವ ಸಾಲಿನಲ್ಲಿ ಒಂದು ಸಣ್ಣ ಗುರುತಿಗೆ ಇಳಿಸಿತು. ಗೂಗಲ್ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದು ಇನ್ನೂ ಸ್ಪಷ್ಟ: ಕ್ರೋಮ್‌ನಲ್ಲಿ ಬರುವ ನೋಟಿಫಿಕೇಶನ್‌ಗಳಲ್ಲಿ ಒಂದು ಶೇಕಡಾವನ್ನೂ ಜನ ಮುಟ್ಟುವುದಿಲ್ಲ, ಬಳಸದೆ ಬಿಟ್ಟ ತಾಣಗಳ ಅನುಮತಿಯನ್ನು ಇನ್ನು ಮುಂದೆ ಬ್ರೌಸರೇ ಕಿತ್ತುಹಾಕಲಿದೆ. ಹತ್ತು ವರ್ಷ ಬೇಕಾಯಿತು ಇಷ್ಟಕ್ಕೆ.

ಯಾರಿಗೂ ಬೇಡದ ಅನುಮತಿ ಇಷ್ಟು ಮಂದಿಯಿಂದ ಸಿಕ್ಕಿದ್ದು ಹೇಗೆ? ಹೊಸ ಸಿನಿಮಾ ಪುಕ್ಕಟೆ ನೋಡಲು ಹೋದವರಿಗೆ, ಕ್ರಿಕೆಟ್ ನೇರಪ್ರಸಾರ ಹುಡುಕಿದವರಿಗೆ ಸಿಗುವ ಪುಟವನ್ನು ಹತ್ತಿರದಿಂದ ನೋಡಿ. ಮಧ್ಯದಲ್ಲಿ ಚಕ್ರ ತಿರುಗುತ್ತಿರುವ ಕಪ್ಪು ಪೆಟ್ಟಿಗೆ. ಅದರ ಮೇಲೆ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ’ ಎಂಬ ಸಾಲು, ಅಲ್ಲಿಂದ ಮೇಲಿನ ಎಡಮೂಲೆಗೆ ಒಂದು ಬಾಣ. ಬಾಣ ತೋರಿಸುವ ಕಡೆ ಬ್ರೌಸರಿನದೇ ಪುಟ್ಟ ಕಿಟಕಿ ಇದೆ, ಅದರಲ್ಲಿ ರೋಬೋಟಿನ ಸುದ್ದಿಯೇ ಇಲ್ಲ. ಇಂಥ ತಾಣ ನೋಟಿಫಿಕೇಶನ್ ತೋರಿಸಲು ಬಯಸುತ್ತಿದೆ ಎಂದಷ್ಟೇ ಇದೆ. ರೋಬೋಟಿನ ಮಾತು ತಾಣದವರದು, ಗುಂಡಿ ಬ್ರೌಸರಿನದು. ಎರಡನ್ನೂ ಒಂದೇ ಎಂದು ನಂಬಿಸುವುದರಲ್ಲೇ ಇವರ ದಂಧೆ ನಿಂತಿದೆ. ನಿಜವಾದ ರೋಬೋಟ್ ಪರೀಕ್ಷೆಗೆ ನೋಟಿಫಿಕೇಶನ್ ಅನುಮತಿ ಎಂದೂ ಬೇಕಾಗುವುದಿಲ್ಲ.

ತೆಗೆಯುವುದು ಎರಡು ನಿಮಿಷದ ಕೆಲಸ. ಚೌಕದಲ್ಲಿ ಬೆದರಿಕೆಯ ಮಾತಿನ ಪಕ್ಕ ಅಥವಾ ಕೆಳಗೆ ಸಣ್ಣಕ್ಷರದಲ್ಲಿ ಬ್ರೌಸರಿನ ಹೆಸರು, ಒಂದು ವಿಳಾಸ ಇರುತ್ತವೆ. ಆ ವಿಳಾಸ ಬರೆದಿಟ್ಟುಕೊಳ್ಳಿ, ಚೌಕವನ್ನು ಮಾತ್ರ ಒತ್ತಬೇಡಿ. ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿದೆ. ಗುರುತಿಲ್ಲದ ಒಂದೊಂದರ ಪಕ್ಕದ ಚುಕ್ಕಿ ಒತ್ತಿ ಬ್ಲಾಕ್ ಮಾಡಿ. ಬರೇ ರಿಮೂವ್ ಮಾಡಿದರೆ ಆ ತಾಣ ಮತ್ತೆ ಕೇಳಬಹುದು. ಎಡ್ಜ್‌ನಲ್ಲಿ ಇದೇ ಪಟ್ಟಿ ಸೈಟ್ ಪರ್ಮಿಶನ್ಸ್ ಅಡಿ, ಫೈರ್‌ಫಾಕ್ಸ್‌ನಲ್ಲಿ ಪ್ರೈವೆಸಿ ಪುಟದ ಪರ್ಮಿಶನ್ಸ್ ಭಾಗದಲ್ಲಿದೆ. ಪಟ್ಟಿಯನ್ನು ಮುಟ್ಟದೆ ಚೌಕಗಳನ್ನು ಒಂದೊಂದಾಗಿ ಮುಚ್ಚುತ್ತ ಕೂರುವುದು ಸೋರುವ ಸೂರನ್ನು ಬಿಟ್ಟು ನೆಲ ಒರೆಸಿದ ಹಾಗೆ.

ಪಟ್ಟಿ ಖಾಲಿಯಾದರೂ ಕಾಟ ನಿಲ್ಲದಿದ್ದರೆ, ಹೋಂಪೇಜ್ ತಾನಾಗಿ ಬದಲಾಗಿದ್ದರೆ, ಗೂಗಲ್‌ನಲ್ಲಿ ಹುಡುಕಿದ್ದು ಬೇರೆಲ್ಲೋ ತೆರೆದುಕೊಳ್ಳುತ್ತಿದ್ದರೆ, ಅದು ಎರಡನೆಯ ಜಾತಿ. ಇಲ್ಲಿ ಯಂತ್ರದೊಳಗೆ ನಿಜವಾಗಿಯೂ ಒಂದು ಪ್ರೋಗ್ರಾಂ ಕೂತಿದೆ. ಆಡ್‌ವೇರ್ ಅನ್ನುವುದು ಇದಕ್ಕೆ. ಅದೂ ಬಂದದ್ದು ಒಪ್ಪಿಗೆಯ ದಾರಿಯಲ್ಲೇ. ಕನ್ನಡ ಟೈಪಿಂಗ್ ತಂತ್ರಾಂಶವನ್ನೋ ಪಿಡಿಎಫ್ ಬದಲಿಸುವ ಸಾಧನವನ್ನೋ ಯಾವುದೋ ಡೌನ್‌ಲೋಡ್ ತಾಣದಿಂದ ಇಳಿಸಿಕೊಂಡು ನೆಕ್ಸ್ಟ್ ನೆಕ್ಸ್ಟ್ ಎಂದು ಒತ್ತುವಾಗ, ಮಧ್ಯದ ಒಂದು ಪುಟದಲ್ಲಿ ಇನ್ನೊಂದು ಪ್ರೋಗ್ರಾಮಿಗೂ ಒಪ್ಪಿಗೆಯೆಂದು ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಇರುತ್ತದೆ. ಇದರ ಹಿಂದೆ ಲೆಕ್ಕಾಚಾರದ ಮಾರುಕಟ್ಟೆಯಿದೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಜೋಡಿಸಿ ಒಂದು ಕಂಪ್ಯೂಟರಿಗೆ ಹಾಕಿಸಿದರೆ ಸಿಗುವ ಕೂಲಿ 10 ಸೆಂಟ್‌ನಿಂದ ಒಂದೂವರೆ ಡಾಲರ್‌ವರೆಗೆ. ಇಂಥವನ್ನು ಇಳಿಸಿಕೊಳ್ಳಲು ಹೊರಟವರಿಗೆ ಗೂಗಲ್ ವಾರಕ್ಕೆ 6 ಕೋಟಿಗೂ ಮಿಕ್ಕಿ ಎಚ್ಚರಿಕೆ ಕೊಡುತ್ತಿತ್ತು. ಮಾಲ್‌ವೇರ್‌ಗೆ ಕೊಟ್ಟ ಎಚ್ಚರಿಕೆಗಿಂತ ಇದು ಹೆಚ್ಚುಕಡಿಮೆ ಮೂರು ಪಟ್ಟು. ಆಡ್‌ವೇರ್ ಹಂಚುವವರು ಒಪ್ಪಿಗೆಯ ಪತ್ರ ಹಿಡಿದು ಕೋರ್ಟಿಗೂ ಹೋದವರು. ತನ್ನ ತಂತ್ರಾಂಶವನ್ನು ತಡೆದ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಮೇಲೆ ಜಾಂಗೊ ಎಂಬ ಅಮೆರಿಕದ ಕಂಪನಿ ದಾವೆ ಹೂಡಿತ್ತು. 2009ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕ್ಯಾಸ್ಪರ್‌ಸ್ಕಿ ಪರ ತೀರ್ಪು ಕೊಟ್ಟಿತು. ಭದ್ರತಾ ಕಂಪನಿಗಳು ಇವನ್ನು ನೇರವಾಗಿ ವೈರಸ್ ಎನ್ನದೆ ‘ಬೇಡವಾಗಿರಬಹುದಾದ ತಂತ್ರಾಂಶ’ ಎಂದು ಮೆಲ್ಲಗೆ ಕರೆಯುವುದರಲ್ಲಿ ಇಂಥ ತಕರಾರುಗಳ ನೆರಳಿದೆ.

ಇಲ್ಲಿಯೂ ಒಪ್ಪಿಗೆ ಎಲ್ಲೆಲ್ಲಿ ದಾಖಲಾಗಿದೆಯೋ ಅಲ್ಲೇ ಹುಡುಕಬೇಕು. ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿದರೆ, ತೊಂದರೆ ಶುರುವಾದ ದಿನ ಏನೇನು ಬಂತೆಂದು ಗೊತ್ತಾಗುತ್ತದೆ. ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಬ್ರೌಸರಿನ ಎಕ್ಸ್‌ಟೆನ್ಶನ್‌ಗಳು. ಆಮೇಲೆ ಹೆಚ್ಚಿನವರು ನೋಡದ ಒಂದು ಜಾಗ: ಡೆಸ್ಕ್‌ಟಾಪಿನ ಕ್ರೋಮ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಟಾರ್ಗೆಟ್ ಎಂಬ ಸಾಲಿದೆ. ಆ ಸಾಲಿನ ತುದಿಯಲ್ಲಿ, ಪ್ರೋಗ್ರಾಮಿನ ಹೆಸರು ಮುಗಿದ ಮೇಲೆ, ಅಪರಿಚಿತ ಜಾಲತಾಣದ ವಿಳಾಸ ಅಂಟಿಕೊಂಡಿದ್ದರೆ ಹೋಂಪೇಜನ್ನು ನೂರು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಆ ಬಾಲವನ್ನೇ ಅಳಿಸಬೇಕು. ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಂಡರೂ ಅನುಮಾನ ಪಡಿ. ಕಚೇರಿಯ ಯಂತ್ರದಲ್ಲಿ ಅದು ಸಹಜ, ಕೆಲವು ಆಂಟಿವೈರಸ್‌ಗಳೂ ಅದನ್ನು ತರಿಸುತ್ತವೆ. ಆದರೆ ಎಕ್ಸ್‌ಟೆನ್ಶನ್ನಿನ ರಿಮೂವ್ ಗುಂಡಿ ಕೆಲಸ ಮಾಡದಂತೆ ಕಟ್ಟಿಹಾಕಲು ಆಡ್‌ವೇರ್ ಬಳಸುವುದೂ ಅದೇ ಸೌಲಭ್ಯವನ್ನು. ಇಷ್ಟು ದೂರ ಹೋಗಿದ್ದರೆ ಕೈಯಲ್ಲಿ ಕೆದಕುವುದಕ್ಕಿಂತ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆಡ್‌ಡಬ್ಲ್ಯುಕ್ಲೀನರ್ ಓಡಿಸುವುದು ಮೇಲು. ಅದನ್ನು ಆ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಆಡ್‌ವೇರ್ ತೆಗೆಯುವ ಸಾಧನ ಹುಡುಕಿ ಹೊರಟವರಿಗೆ ಇನ್ನೊಂದು ಆಡ್‌ವೇರ್ ಕಟ್ಟಿಕೊಡುವ ತಾಣಗಳಿಗೇನೂ ಬರವಿಲ್ಲ.

ಇಷ್ಟೆಲ್ಲ ಯಾಕೆ, ಫಾರ್ಮ್ಯಾಟ್ ಹೊಡೆದರೆ ಬೇರುಸಹಿತ ಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುತ್ತದೆ, ಜೊತೆಗೆ ಬ್ಯಾಕಪ್ ಇಲ್ಲದ ಫೋಟೋಗಳೂ ಹೋಗುತ್ತವೆ. ಅಷ್ಟಾದ ಮೇಲೆ ಹೊಸ ಕ್ರೋಮ್‌ನಲ್ಲಿ ಹಳೆಯ ಖಾತೆಗೆ ಸೈನ್ ಇನ್ ಆಗಿ ಸಿಂಕ್ ಹಾಕಿದರೆ, ಹಳೆಯ ಎಕ್ಸ್‌ಟೆನ್ಶನ್‌ಗಳು ಗೂಗಲ್‌ನ ಸರ್ವರಿನಿಂದ ಇಳಿದು ಪುನಃ ಹಾಜರಾಗುತ್ತವೆ. ಡಿಸ್ಕ್ ತೊಳೆದರೂ ಖಾತೆಯಲ್ಲಿ ಬರೆದದ್ದು ಉಳಿಯುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲೇ ರಿಸೆಟ್ ಸೌಲಭ್ಯವಿದೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಉಳಿಸಿಕೊಂಡು ಸರ್ಚ್ ಎಂಜಿನ್ನು, ಆರಂಭದ ಪುಟಗಳನ್ನು ಮೊದಲಿನ ಸ್ಥಿತಿಗೆ ತಂದು ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸುತ್ತದೆ. ಮೊದಲು ಅದನ್ನು ಮಾಡಿ ನೋಡಬೇಕು.

ಬರೀ ಜಾಹೀರಾತು ತಾನೇ, ಪುಕ್ಕಟೆ ತಂತ್ರಾಂಶ ಕೊಟ್ಟವರೂ ಬದುಕಬೇಡವೇ ಎಂಬ ಆಕ್ಷೇಪ ಇನ್ನೂ ತೂಕದ್ದು. ಜಾಹೀರಾತಿನಿಂದ ಬದುಕುವುದು ತಪ್ಪಲ್ಲ, ಪತ್ರಿಕೆಗಳೂ ಹಾಗೇ ಬದುಕಿವೆ. ಆದರೆ ಜಾಹೀರಾತು ತೂರಿಸುವವನಿಗೆ ಬ್ರೌಸರಿನಲ್ಲಿ ಎಷ್ಟು ಅಧಿಕಾರ ಬೇಕಾಗುತ್ತದೆ ಎಂಬುದನ್ನು ಸೂಪರ್‌ಫಿಶ್ ಪ್ರಕರಣದಲ್ಲಿ ನೋಡಬಹುದು. 2014ರ ಕೊನೆಯ ಭಾಗದಿಂದ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಕಂಪನಿಯ ಜಾಹೀರಾತು ತಂತ್ರಾಂಶವನ್ನು ಮೊದಲೇ ಹಾಕಿ ಮಾರಿತು. ಗೂಢಲಿಪಿಯಲ್ಲಿ ಭದ್ರವಾಗಿರುವ ಪುಟಗಳಲ್ಲೂ ಜಾಹೀರಾತು ತೂರಿಸಬೇಕೆಂದು ಅದು ಬ್ಯಾಂಕಿನ ತಾಣಕ್ಕೂ ಬಳಕೆದಾರರಿಗೂ ನಡುವೆ ತನ್ನದೇ ನಕಲಿ ಪ್ರಮಾಣಪತ್ರ ಇಟ್ಟಿತು. ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಕೀಲಿ. 2015ರ ಫೆಬ್ರವರಿಯಲ್ಲಿ ವಿಷಯ ಹೊರಬಿದ್ದ ಕೂಡಲೇ ಸಂಶೋಧಕರು ಆ ಕೀಲಿಯನ್ನು ಬಿಡಿಸಿಯೂ ಬಿಟ್ಟರು. ಅಲ್ಲಿಗೆ, ಅದೇ ವೈಫೈನಲ್ಲಿ ಕೂತ ಯಾರು ಬೇಕಾದರೂ ಬ್ಯಾಂಕಿನ ವೇಷ ಹಾಕಬಹುದಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರಿನಲ್ಲಿ ದಾಖಲಾದ ಇನ್ನೊಂದು ವಿವರವೂ ಇದೆ: ಒಂದೇ ಒಂದು ಸಲ ಏಳುತ್ತಿದ್ದ ಪರಿಚಯದ ಕಿಟಕಿಯನ್ನು ಬೇಡವೆಂದು ಮುಚ್ಚಿದರೂ ತಂತ್ರಾಂಶ ಚಾಲೂ ಇರುತ್ತಿತ್ತು. ಅಂದರೆ ಮುಚ್ಚಿದ್ದೂ ಒಪ್ಪಿದ ಲೆಕ್ಕಕ್ಕೇ ಹೋಯಿತು.

ಒಪ್ಪಿಗೆ ಕೊಟ್ಟದ್ದು ಬಳಕೆದಾರರೇ ಆದ್ದರಿಂದ ತಪ್ಪೂ ಅವರದೇ ಎಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ವಂಚನೆಯಿಂದ ಪಡೆದ ಒಪ್ಪಿಗೆಯನ್ನು ರದ್ದು ಮಾಡಬಹುದು ಎಂಬುದು ನಮ್ಮ ಕರಾರು ಕಾಯ್ದೆಯ ಹಳೆಯ ತತ್ವ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ಡಿಜಿಟಲ್ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಕಂಪ್ಯೂಟರಿನಲ್ಲಿ ವೈರಸ್ ಇದೆಯೆಂದು ಹೆದರಿಸಿ ಹಣ ಕೀಳುವುದು ಆ ಪಟ್ಟಿಯಲ್ಲಿದೆ. ಆದರೆ ಈ ನಿಯಮದ ಕೈಗೆ ಸಿಗುವುದು ಇಲ್ಲಿ ವಿಳಾಸವಿಟ್ಟು ವ್ಯಾಪಾರ ಮಾಡುವವರು. ದಿನಕ್ಕೊಂದು ಹೆಸರಿನ ತಾಣ ತೆರೆದು ಮುಚ್ಚುವವರನ್ನು ನೋಟಿಸ್ ಕಳಿಸಿ ಹಿಡಿಯುವುದು ಕಷ್ಟ. ಅದಕ್ಕೇ ಬ್ರೌಸರಿನ ಆರಂಭಿಕ ಸೆಟ್ಟಿಂಗ್ ಕಾಯ್ದೆಗಿಂತ ಬೇಗ ಕೆಲಸ ಮಾಡುತ್ತದೆ. ಮನೆಯ ಹಿರಿಯರು ಬಳಸುವ ಕಂಪ್ಯೂಟರಿನಲ್ಲಿ, ಮೇಲೆ ಹೇಳಿದ ನೋಟಿಫಿಕೇಶನ್ ಪುಟದಲ್ಲೇ, ಯಾವ ತಾಣವೂ ಕಳಿಸಕೂಡದು ಎಂಬ ಆಯ್ಕೆ ಹಾಕಿಬಿಡಿ. ಮೇಲ್ ಅಥವಾ ಕ್ಯಾಲೆಂಡರಿನ ಸೂಚನೆ ಬೇಕಿದ್ದವರು ಅವೆರಡರ ವಿಳಾಸ ಮಾತ್ರ ಕೈಯಾರೆ ಸೇರಿಸಬಹುದು. ವಿಂಡೋಸ್ ಸೆಕ್ಯುರಿಟಿಯಲ್ಲಿ ಬೇಡದ ಆಪ್‌ಗಳನ್ನು ತಡೆಯುವ ಗುಂಡಿ ಆನ್ ಇದೆಯೇ ಎಂದೂ ನೋಡಿ.

ಕೆಲವು ಚೌಕಗಳಲ್ಲಿರುವ ‘ಸಹಾಯ’ದ ಫೋನ್ ನಂಬರಿಗೆ ಯಾರಾದರೂ ಈಗಾಗಲೇ ಫೋನ್ ಮಾಡಿ, ಅತ್ತಲಿಂದ ಹೇಳಿದ ಆಪ್ ಹಾಕಿಕೊಂಡು ಕಂಪ್ಯೂಟರನ್ನು ಅವರ ಕೈಗೆ ಕೊಟ್ಟಿದ್ದರೆ ಮಾತ್ರ ಸೆಟ್ಟಿಂಗ್ಸ್ ಹುಡುಕುತ್ತ ಕೂರಬೇಡಿ. ಇಂಟರ್ನೆಟ್ ಕಿತ್ತುಬಿಡಿ, ಬೇರೆ ಫೋನಿನಿಂದ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.