ಬಾಗಿಲು ಮುರಿದಿತ್ತು, ದೂರು ಇರಲಿಲ್ಲ

ಸೈಟ್ ತಗೊಳ್ಳೋ ಮುಂಚೆ, ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡೋ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಈ ಏರಿಯಾ ಸೇಫಾ?" ಚಿತ್ರದುರ್ಗ ಇರಲಿ, ಹಿರಿಯೂರು ಇರಲಿ, ಹೊಸದುರ್ಗ, ಹೊಳಲ್ಕೆರೆ ಇರಲಿ, ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಏನೂ ತೊಂದ್ರೆ ಇಲ್ಲ, ಇಲ್ಲಿ ಒಂದು ಕೇಸೂ ಆಗಿಲ್ಲ." ಇವತ್ತು ಈ ಉತ್ತರವನ್ನು ಸ್ವಲ್ಪ ಬಿಚ್ಚಿ ನೋಡೋಣ. ಕೇಸು ಆಗಿಲ್ಲ ಅಂದ್ರೆ ಅಪರಾಧ ಆಗಿಲ್ಲ ಅಂತಾನಾ?

2023ರ ಡಿಸೆಂಬರ್ 28. ಚಿತ್ರದುರ್ಗದ ಚಳ್ಳಕೆರೆ ಗೇಟ್ ಹತ್ತಿರ, ಹಳೇ ಬೆಂಗಳೂರು ರಸ್ತೆಯ ಒಂದು ಮನೆಯೊಳಗೆ ಪೊಲೀಸರಿಗೆ ಐದು ಅಸ್ಥಿಪಂಜರ ಸಿಕ್ಕವು. ಒಂದೇ ಕುಟುಂಬದವರು. ಅವರನ್ನು ಕೊನೆಯದಾಗಿ ನೋಡಿದ್ದು 2019ರ ಮಧ್ಯಭಾಗದಲ್ಲಿ ಅಂತ ಗೊತ್ತಿದ್ದವರು ಹೇಳಿದರು. ಅಂದ್ರೆ ನಾಲ್ಕು ವರ್ಷಕ್ಕೂ ಮಿಕ್ಕಿ. ಮನೆ ಕಾಡಿನಲ್ಲಿರಲಿಲ್ಲ, ಊರೊಳಗಿತ್ತು. ಅದರ ಮುಂಬಾಗಿಲು ಮುರಿದಿರೋದು ಸುಮಾರು ಎರಡು ತಿಂಗಳು ಮುಂಚೆಯೇ ಬೆಳಗಿನ ವಾಕಿಂಗ್ ಹೋಗುವವರ ಕಣ್ಣಿಗೆ ಬಿದ್ದಿತ್ತು. ಪೊಲೀಸರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಳಗೆ ಸಾಮಾನು ಚೆಲ್ಲಾಪಿಲ್ಲಿಯಾಗಿತ್ತು. ಮನೆಗೆ ಒಂದಕ್ಕಿಂತ ಹೆಚ್ಚು ಸಲ ಯಾರೋ ನುಗ್ಗಿದ ಗುರುತಿತ್ತು.

ಈಗ ಯೋಚನೆ ಮಾಡಿ. ಆ ನಾಲ್ಕು ವರ್ಷದಲ್ಲಿ ಯಾರಾದರೂ ಪಕ್ಕದಲ್ಲಿ ಮನೆ ಹುಡುಕಿಕೊಂಡು ಬಂದು "ಏರಿಯಾ ಹೇಗೆ?" ಅಂತ ಕೇಳಿದ್ದರೆ ಏನು ಉತ್ತರ ಸಿಗುತ್ತಿತ್ತು? "ಶಾಂತವಾಗಿದೆ ಸರ್."

ಎಂಜಿನಿಯರಿಂಗ್ ಲ್ಯಾಬಿನಲ್ಲಿ ಮೊದಲ ವಾರವೇ ಒಂದು ಪಾಠ ಹೇಳಿಕೊಡ್ತಾರೆ: ಮೀಟರ್ ಸೊನ್ನೆ ತೋರಿಸಿದರೆ ಕರೆಂಟ್ ಇಲ್ಲ ಅಂತ ತಂತಿ ಮುಟ್ಟಬೇಡಿ, ಮೊದಲು ಮೀಟರ್ ಸಂಪರ್ಕ ಕೊಟ್ಟಿದ್ದೀರಾ ನೋಡಿ. ಕ್ರೈಂ ರೇಟ್ ಅನ್ನೋದೂ ಇಂಥದೇ ಮೀಟರ್. ಲೆಕ್ಕ ಸರಳ. ಒಂದು ವರ್ಷದಲ್ಲಿ ದಾಖಲಾದ ಕೇಸುಗಳನ್ನು ಜನಸಂಖ್ಯೆಯಿಂದ ಭಾಗಿಸಿ, 1 ಲಕ್ಷದಿಂದ ಗುಣಿಸಬೇಕು. ಇದರಲ್ಲಿ ಮುಖ್ಯವಾದ ಪದ "ದಾಖಲಾದ". ನಡೆದ ಅಪರಾಧ ಅಲ್ಲ, ಎಫ್‌ಐಆರ್ ಆದ ಅಪರಾಧ.

ಉದಾಹರಣೆ ಬೇಕಾ? 2020, ಲಾಕ್‌ಡೌನ್ ವರ್ಷ. ಜನ ಮನೆಯಲ್ಲೇ ಕೂತಿದ್ದರು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿ ಲೆಕ್ಕದಲ್ಲಿ ದೇಶದ ಕೇಸುಗಳು ಹಿಂದಿನ ವರ್ಷಕ್ಕಿಂತ ಶೇ. 28ರಷ್ಟು ಏರಿದವು. ಲಕ್ಷಕ್ಕೆ 385.5 ಇದ್ದ ದರ 487.8 ಆಯಿತು. ಕಳ್ಳರು ಹೆಚ್ಚಾದರಾ? ಇಲ್ಲ, ಕಳ್ಳತನ ಕಡಿಮೆಯೇ ಆಗಿತ್ತು. ಹೆಚ್ಚಾಗಿದ್ದು ಸರ್ಕಾರಿ ಆದೇಶ ಮೀರಿದರು ಅಂತ ಸೆಕ್ಷನ್ 188ರ ಅಡಿ ಹಾಕಿದ ಕೇಸುಗಳು.

ಕೇರಳ ನೋಡಿ. ಅಲ್ಲಿನ ಒಟ್ಟು ಅಪರಾಧ ದರ ವರ್ಷ ವರ್ಷವೂ ದೇಶದ ಸರಾಸರಿಗಿಂತ ಬಹಳ ಮೇಲೆ. ಆದರೆ ಕೊಲೆಯ ದರ ದೇಶದ ಸರಾಸರಿಗಿಂತ ಕೆಳಗೆ. ಕೊಲೆಯನ್ನು ಲೆಕ್ಕದಿಂದ ಬಿಡೋದು ಕಷ್ಟ, ಸರಗಳ್ಳತನದ ದೂರು ಬರೆಯದೇ ಇರೋದು ಸುಲಭ. ಜನ ಠಾಣೆಗೆ ಹೋಗಿ ಬರೆಸುವ ಊರಿನ ಅಂಕಿ ದೊಡ್ಡದಾಗಿಯೇ ಕಾಣುತ್ತೆ.

ಇನ್ನು ಚಿಕ್ಕ ಊರಿನ ಲೆಕ್ಕ. ಹೊಳಲ್ಕೆರೆ ಪಟ್ಟಣದ ಜನಸಂಖ್ಯೆ 2011ರ ಜನಗಣತಿಯಲ್ಲಿ 16 ಸಾವಿರದ ಆಸುಪಾಸು. ಅಂಥ ಊರಲ್ಲಿ ವರ್ಷಕ್ಕೆ ಒಂದೇ ಒಂದು ಕೊಲೆಯಾದರೂ ದರ ಲಕ್ಷಕ್ಕೆ 6ರ ಮೇಲೆ ಹೋಗುತ್ತೆ. 2022ರಲ್ಲಿ ಇಡೀ ದೇಶದ ಕೊಲೆ ದರ 2.1. ಹಾಗಂತ ಹೊಳಲ್ಕೆರೆ ದೇಶಕ್ಕಿಂತ ಮೂರು ಪಟ್ಟು ಅಪಾಯಕಾರಿ ಅಂತ ಬ್ರೇಕಿಂಗ್ ನ್ಯೂಸ್ ಹಾಕೋಕಾಗುತ್ತಾ? ಮುಂದಿನ ವರ್ಷ ಅದೇ ಸೊನ್ನೆಯಾಗಬಹುದು. ಹಿರಿಯೂರಿನ ಕಥೆ ಬೇರೆ. ಬೆಂಗಳೂರು–ಪುಣೆ ಹೆದ್ದಾರಿ 48 ಮತ್ತು ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ ಅಲ್ಲಿ ಸೇರುತ್ತವೆ. ಢಾಬಾದಲ್ಲಿ ಪರ್ಸ್ ಕಳೆದುಕೊಂಡವರು ಹಾವೇರಿಯವರಿರಬಹುದು, ಕದ್ದವನು ಇನ್ನೆಲ್ಲಿಯವನೋ. ಕೇಸು ಮಾತ್ರ ಹಿರಿಯೂರಿನದು, ಭಾಗಿಸೋದೂ ಹಿರಿಯೂರಿನ ಜನಸಂಖ್ಯೆಯಿಂದಲೇ.

ಹಾಗಾದರೆ ಅಂಕಿಅಂಶ ಬಿಸಾಕೋದಾ? ಬೇಡ. ಒಂದೇ ವರ್ಷ ನೋಡಬೇಡಿ, ಐದು ವರ್ಷ ನೋಡಿ. ಒಟ್ಟು ಅಂಕಿ ಬಿಟ್ಟು ಮನೆಗಳ್ಳತನ, ಸರಗಳ್ಳತನ, ಬೈಕ್ ಕಳವು ಅಂತ ಬಿಡಿಬಿಡಿಯಾಗಿ ಕೇಳಿ. ಬೀದಿದೀಪ ಉರಿಯುತ್ತಾ, ಬೀಟ್ ಪೊಲೀಸರು ಬರ್ತಾರಾ ನೋಡಿ. ಕೊನೆಗೆ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಪ್ರಶ್ನೆ ಕೇಳಿ: ಈ ಬೀದಿಯಲ್ಲಿ ಒಂದು ಮನೆ ಬಾಗಿಲು ಹದಿನೈದು ದಿನ ತೆರೆಯದಿದ್ದರೆ ಯಾರಾದರೂ ಗಮನಿಸ್ತಾರಾ?

ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆ, ಆದರೂ ಶತ್ರು ಬಂದಿದ್ದು ಒಂದು ಕಿಂಡಿಯಲ್ಲಿ. ಅದನ್ನು ಕಂಡಿದ್ದು ಕೆಲಸದ ಮೇಲಿದ್ದ ಕಾವಲುಗಾರ ಅಲ್ಲ, ನೀರಿಗೆ ಬಂದಿದ್ದ ಅವನ ಹೆಂಡತಿ ಓಬವ್ವ. ಇವತ್ತು ಒನಕೆ ಎತ್ತಬೇಕಾಗಿಲ್ಲ, ಫೋನ್ ಎತ್ತಿದರೆ ಸಾಕು. ತುರ್ತಿಗೆ 112. ಒಂಟಿ ಹಿರಿಯರ ವಿಷಯದಲ್ಲಿ ನೆರವು ಬೇಕಿದ್ದರೆ ಎಲ್ಡರ್ ಲೈನ್ 14567.

"ಸ್ಟೇಷನ್ ಮೆಟ್ಟಿಲು ಯಾಕೆ ಹತ್ತಬೇಕು" ಅನ್ನುವವರಿಗೆ ಕಾನೂನೂ ಸ್ವಲ್ಪ ದಾರಿ ಮಾಡಿಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ, ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನಿನಲ್ಲೂ ಕಳಿಸಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು ಅಷ್ಟೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ "ಮನೆ ಮನೆಗೆ ಪೊಲೀಸ್" ಕೂಡ ಶುರುಮಾಡಿದೆ. ಬೀಟ್ ಸಿಬ್ಬಂದಿ ಬಾಗಿಲಿಗೆ ಬಂದಾಗ "ಎಲ್ಲಾ ಚೆನ್ನಾಗಿದೆ ಸಾರ್" ಅಂತ ಹೇಳಿ ಕಳಿಸಬೇಡಿ. ಎದುರುಮನೆ ಎರಡು ತಿಂಗಳಿಂದ ಮುಚ್ಚಿದೆ ಅಂತಲೂ ಹೇಳಿ.

ನೀವು ದೂರು ಕೊಟ್ಟರೆ ನಿಮ್ಮ ಬಡಾವಣೆಯ ಕ್ರೈಂ ರೇಟ್ ಏರುತ್ತೆ, ನಿಜ. ಸೈಟಿನ ರೇಟ್ ಇಳಿಯುತ್ತೆ ಅಂತ ಭಯಪಡುವವರೂ ಇದ್ದಾರೆ. ಏರಲಿ ಬಿಡಿ. ಚಳ್ಳಕೆರೆ ಗೇಟ್ ಹತ್ತಿರದ ಆ ಮನೆಯ ಬಗ್ಗೆ 2019ರಲ್ಲೇ ಯಾರಾದರೂ ಒಂದು ಫೋನ್ ಮಾಡಿದ್ದರೆ ಠಾಣೆಯ ಪುಸ್ತಕದಲ್ಲಿ ಒಂದು ಸಾಲು ಜಾಸ್ತಿ ಆಗುತ್ತಿತ್ತು. ಅಷ್ಟೇ ತಾನೇ ನಷ್ಟ?