ದೋಷ ಪೆಟ್ಟಿಗೆಯದೋ, ಬೆಸುಗೆಯದೋ?

ಬಾಗಲಕೋಟೆಯಿಂದ ಹುನಗುಂದದತ್ತ ಹೊರಟವರು ಅಮೀನಗಡದಲ್ಲಿ ಕರದಂಟು ಕೊಳ್ಳುವುದಕ್ಕೆಂದು ಗಾಡಿ ನಿಲ್ಲಿಸುವುದು ವಾಡಿಕೆ. 2023ರ ಮೇ ತಿಂಗಳಲ್ಲಿ ನನ್ನ ಮಿತ್ರರೊಬ್ಬರೂ ಹಾಗೆಯೇ ನಿಲ್ಲಿಸಿದರು. ಗಾಡಿ ಮತ್ತೆ ಹೊರಡಲಿಲ್ಲ. ಇಳಕಲ್ಲಿನ ಮನೆಯಿಂದ ವಾರಕ್ಕೆರಡು ಸಲ ವೃದ್ಧರಾದ ತಂದೆಯವರನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆತರಲು ಅವರಿಗಿದ್ದ ಸಾಧನ ಇದೊಂದೇ: 2009ರಲ್ಲಿ ಕೊಂಡ, ಎಸ್‌ಯುವಿ ಎಂದು ಕರೆಯಲ್ಪಡುವ ಎತ್ತರದ ಮೈಕಟ್ಟಿನ ಡೀಸೆಲ್ ವಾಹನ. ಸ್ಟಾರ್ಟರು ಎಂಜಿನನ್ನು ತಿರುಗಿಸುತ್ತಿತ್ತು. ಎಂಜಿನು ಮಾತ್ರ ಹೊತ್ತಿಕೊಳ್ಳಲೊಲ್ಲದು. ಅರ್ಧ ತಾಸು ಕಳೆದ ಮೇಲೆ ಏನೂ ನಡೆದಿಲ್ಲವೆಂಬಂತೆ ಹೊತ್ತಿಕೊಂಡಿತು. ಹೀಗೆ ಮೂರು ನಾಲ್ಕು ಸಲವಾದ ಬಳಿಕ ದುರಸ್ತಿಯವರು ಪರೀಕ್ಷಾಯಂತ್ರವನ್ನು ಜೋಡಿಸಿ ನೋಡಿ, ನಿಯಂತ್ರಕ ಪೆಟ್ಟಿಗೆ ಕೆಟ್ಟಿದೆ, ಬದಲಾಯಿಸದೆ ಗತಿಯಿಲ್ಲ ಎಂದು ತೀರ್ಪಿತ್ತರು. ಹೊಸ ಪೆಟ್ಟಿಗೆಯ ಬೆಲೆ ಮಿತ್ರರ ಒಂದು ತಿಂಗಳ ಸಂಬಳವನ್ನು ಮೀರುತ್ತಿತ್ತು.

ಹಳೆಯ ಕಾಲದ ಡೀಸೆಲ್ ಜೀಪಿನಲ್ಲಿ ಇಂಥ ಪೆಟ್ಟಿಗೆಯೇ ಇರಲಿಲ್ಲ. ಬೆಂಗಳೂರಿನ ಮೈಕೋ ಕಾರ್ಖಾನೆ 1950ರ ದಶಕದಿಂದ ತಯಾರಿಸುತ್ತ ಬಂದ ಪಂಪು ಎಂಜಿನಿಗೆ ಎಣ್ಣೆಯನ್ನು ಅಳೆದು ಕೊಡುತ್ತಿತ್ತು. ವೇಗ ಹೆಚ್ಚಿದಾಗ ಎಣ್ಣೆಯನ್ನು ಕಡಿಮೆ ಮಾಡುವ ಕೆಲಸ ತಿರುಗುವ ಎರಡು ಲೋಹದ ಗುಂಡುಗಳದು. ಅವು ಕೇಂದ್ರದಿಂದ ದೂರ ಸರಿದಂತೆಲ್ಲ ಸನ್ನೆಯೊಂದು ಎಳೆಯಲ್ಪಡುತ್ತಿತ್ತು, ಅಷ್ಟೆ. 1990ರ ದಶಕದ ಕೊನೆಯಲ್ಲಿ ಯೂರೋಪಿನಲ್ಲಿಯೂ ಅನಂತರ ನಮ್ಮಲ್ಲಿಯೂ ಪ್ರಚಾರಕ್ಕೆ ಬಂದ ‘ಕಾಮನ್ ರೇಲ್’ ವ್ಯವಸ್ಥೆಯಲ್ಲಿ ಎಣ್ಣೆ ಒಂದು ದಪ್ಪ ನಳಿಗೆಯಲ್ಲಿ ವಾಯುಮಂಡಲದ ಒತ್ತಡಕ್ಕಿಂತ ಸಾವಿರದ ಮುನ್ನೂರು, ಸಾವಿರದ ಆರುನೂರು ಪಟ್ಟು ಹೆಚ್ಚಿನ ಒತ್ತಡದಲ್ಲಿ ಸದಾ ಕಾದಿರುತ್ತದೆ. ಅದನ್ನು ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಒಳಗೆ ಬಿಡಬೇಕೆಂಬುದನ್ನು ನಿರ್ಣಯಿಸತಕ್ಕದ್ದು ನಿಯಂತ್ರಕ ಪೆಟ್ಟಿಗೆ.

ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆನ್ನೋಣ. ಅಂದರೆ ಸೆಕೆಂಡಿಗೆ 50 ಸುತ್ತು, 18,000 ಅಂಶ. ಒಂದು ಅಂಶ ತಿರುಗುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹದಿನೆಂಟು ಸಾವಿರದಲ್ಲೊಂದು ಭಾಗ. ಈ ಲೆಕ್ಕ ಪೆಟ್ಟಿಗೆಗೆ ತಿಳಿಯುವುದು ಹಲ್ಲಿನ ಚಕ್ರವೊಂದರಿಂದ. ಅದರಲ್ಲಿ 60 ಹಲ್ಲುಗಳಿಗೆ ಸ್ಥಳವಿದ್ದು, ಎರಡನ್ನು ಬೇಕೆಂದೇ ತೆಗೆದಿರುತ್ತಾರೆ. ಆ ಬೋಳು ಜಾಗ ಎದುರಿಗೆ ಬಂದಾಗ ಸುತ್ತು ಎಲ್ಲಿಂದ ಆರಂಭವಾಯಿತೆಂಬುದು ಗೊತ್ತಾಗುತ್ತದೆ. ಎಂಜಿನು ತಿರುಗುತ್ತಿದ್ದರೂ ಪೆಟ್ಟಿಗೆ ಎಣಿಕೆ ತಪ್ಪಿದರೆ ಎಣ್ಣೆ ಬೀಳದು.

ಮಿತ್ರರು ಹೊಸದನ್ನು ಬಿಟ್ಟು, ಗುಜರಿಗೆ ಹೋದ ಅದೇ ಮಾದರಿಯ ಗಾಡಿಯೊಂದರಿಂದ ಬಿಚ್ಚಿದ ಪೆಟ್ಟಿಗೆಯನ್ನು ತರಿಸಿದರು. ಹೊರಗಿನ ಅಂಕಿಗಳೆಲ್ಲ ತಾಳೆಯಾಗಿದ್ದುವು. ಆದರೂ ಗಾಡಿ ಜಪ್ಪಯ್ಯ ಎನ್ನಲಿಲ್ಲ! ಕಾರಣ ಬೀಗದ ಕೈಯಲ್ಲಿದೆ. ಕೈಯ ಹಿಡಿಯೊಳಗೆ ಬ್ಯಾಟರಿಯಿಲ್ಲದ ಒಂದು ಚಿಕ್ಕ ಸುರುಳಿಯೂ ಒಂದು ಚಿಪ್ಪೂ ಇವೆ. ಬೀಗದ ಸುತ್ತಲಿನ ಸುರುಳಿಯಲ್ಲಿ ಆಂದೋಲಿಸುವ ಪ್ರವಾಹ ಹರಿದಾಗ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆಯೇ, ಕೈಯ ಸುರುಳಿಗೆ ಶಕ್ತಿ ಒದಗಿ ಚಿಪ್ಪು ತನ್ನ ಗುಟ್ಟಿನ ಸಂಖ್ಯೆಯಿಂದ ಉತ್ತರ ಕೊಡುತ್ತದೆ. ಆ ಉತ್ತರ ತಾನು ಬಲ್ಲ ಸಂಖ್ಯೆಗೆ ಹೊಂದದಿದ್ದರೆ ಪೆಟ್ಟಿಗೆ ಎಣ್ಣೆ ಬಿಡುವುದಿಲ್ಲ. ಪರರ ಮನೆಯ ಪೆಟ್ಟಿಗೆ ಈ ಮನೆಯ ಕೈಯನ್ನು ಹೇಗೆ ಬಲ್ಲುದು?

ಆದುದರಿಂದ ಹಳೆಯ ಪೆಟ್ಟಿಗೆಯ ಸ್ಮೃತಿಯನ್ನು ಓದಿ ತಂದ ಪೆಟ್ಟಿಗೆಗೆ ನಕಲು ಮಾಡಬೇಕಾಯಿತು. ಕೆಲವು ಎಂಜಿನುಗಳಲ್ಲಿ ಇದರೊಡನೆ ಇನ್ನೊಂದು ಸಂಗತಿಯೂ ಉಂಟು: ಎಣ್ಣೆ ಸಿಂಪಡಿಸುವ ಇಂಜೆಕ್ಟರುಗಳು ಒಂದರಂತೆ ಇನ್ನೊಂದಿರುವುದಿಲ್ಲ. ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ಅದರ ಕಿಂಚಿತ್ ವ್ಯತ್ಯಾಸವನ್ನು ಸಂಕೇತಾಕ್ಷರಗಳಲ್ಲಿ ಅದರ ತಲೆಯ ಮೇಲೆಯೇ ಬರೆದಿರುತ್ತಾರೆ. ಆ ಅಕ್ಷರಗಳೂ ಸ್ಮೃತಿಯಲ್ಲಿರಬೇಕು. ಈ ಸ್ಮೃತಿಯೆಂದರೆ ನಿರೋಧಕ ಪೊರೆಯ ನಡುವೆ ಸೆರೆಯಾದ ಇಲೆಕ್ಟ್ರಾನುಗಳು. ಬ್ಯಾಟರಿ ತೆಗೆದರೂ ಅವು ಹೊರಬರಲಾರವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನು 578ರಲ್ಲಿ ಕೆಂಪು ಮರಳುಗಲ್ಲಿನ ಮೇಲೆ ಕೊರೆಯಿಸಿದ ಬರಹವನ್ನು ಇಂದಿಗೂ ಓದಬಹುದು. ಇಲೆಕ್ಟ್ರಾನುಗಳ ಬರಹಕ್ಕೆ ಚಿಪ್ಪು ಮಾಡುವವರು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷದ ಭರವಸೆ ಕೊಡುತ್ತಾರೆ. ಗಾಡಿ ಹಳೆಯದಾದಷ್ಟೂ ಅದರ ಸ್ಮೃತಿಯ ಪ್ರತಿಯೊಂದನ್ನು ತೆಗೆದಿಡುವುದು ಲೇಸೆಂದು ನನಗೆ ತೋರುತ್ತದೆ.

ನಕಲಾಯಿತು, ಗಾಡಿ ಹೊರಟಿತು. ಹನ್ನೊಂದು ದಿನ ಸುಖವಾಗಿ ನಡೆಯಿತು. ಹನ್ನೆರಡನೆಯ ದಿನ ಹುನಗುಂದದ ಬಸ್ ನಿಲ್ದಾಣದ ಬಳಿ, ತಂದೆಯವರು ಹಿಂದಿನ ಆಸನದಲ್ಲಿ ಕುಳಿತಿರುವಾಗಲೇ, ಅದೇ ರೋಗ ಮರುಕಳಿಸಿತು.

ಎರಡು ಪೆಟ್ಟಿಗೆಗಳು ಒಂದೇ ರೀತಿಯಲ್ಲಿ ಕೆಡುವುದು ಸಂಭವವಲ್ಲ. ಮಿತ್ರರು ನನಗೆ ಹೇಳಿಕಳುಹಿಸಿದ್ದು ಆಗ. ದುರಸ್ತಿಯವರ ಚೀಟಿಯನ್ನು ನೋಡಿದೆ. ಪರೀಕ್ಷಾಯಂತ್ರ ಎರಡು ಸಂಕೇತಗಳನ್ನು ತೋರಿಸಿತ್ತು. ಒಂದು ಪಿ 0606: ಪೆಟ್ಟಿಗೆಯ ಲೆಕ್ಕಯಂತ್ರದಲ್ಲಿ ದೋಷ. ಇನ್ನೊಂದು ಪಿ 0562: ವಿದ್ಯುತ್ ಒತ್ತಡ ಕಡಿಮೆ. ಮೊದಲನೆಯದನ್ನು ನಂಬಿ ಎರಡನೆಯದನ್ನು ಯಾರೂ ವಿಚಾರಿಸಿರಲಿಲ್ಲ. ಬ್ಯಾಟರಿಯನ್ನು ಅಳೆದಿದ್ದರು, 12.6 ವೋಲ್ಟ್ ಇತ್ತು, ಸರಿಯಾಗಿಯೇ ಇದೆಯೆಂದು ಬಿಟ್ಟಿದ್ದರು. ಮೊದಲ ವರ್ಷದ ವಿದ್ಯಾರ್ಥಿಗಳೂ ಪ್ರಯೋಗಶಾಲೆಯಲ್ಲಿ ಮಾಡುವ ತಪ್ಪು ಇದೇ. ರೋಧದಲ್ಲಿ ಒತ್ತಡ ಕಳೆದುಹೋಗುವುದು ಪ್ರವಾಹ ಹರಿಯುವಾಗ ಮಾತ್ರ. ಪ್ರವಾಹ ಸೊನ್ನೆಯಾದರೆ ನಷ್ಟವೂ ಸೊನ್ನೆ.

ನಾನು ಮಾಡಿದ್ದು ಇಷ್ಟೇ. ಮಾಪಕದ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನಿನ ಲೋಹಕ್ಕೂ ಮುಟ್ಟಿಸಿ, ಸ್ಟಾರ್ಟರನ್ನು ತಿರುಗಿಸಲು ಹೇಳಿದೆ. ಅರ್ಧ ವೋಲ್ಟಿಗಿಂತ ಕಡಿಮೆಯಿರಬೇಕಾದ ಅಂಕ 2.4 ವೋಲ್ಟಿಗೆ ಏರಿತು. ಸ್ಟಾರ್ಟರು ಸುಮಾರು 200 ಆಂಪಿಯರ್ ಎಳೆಯುವುದೆಂದುಕೊಂಡರೆ, ಓಮನ ನಿಯಮದಂತೆ ದಾರಿಯಲ್ಲಿ 0.012 ಓಮ್ ರೋಧ ಅಡಗಿದೆಯೆಂದಾಯಿತು. ಇಷ್ಟು ಅಲ್ಪ ರೋಧವನ್ನು ಸಾಮಾನ್ಯ ಮಾಪಕದ ಓಮ್ ವಿಭಾಗದಲ್ಲಿ ಅಳೆಯಲಾಗದು, ಮಾಪಕದ ತಂತಿಗಳದೇ ಅದಕ್ಕಿಂತ ಹೆಚ್ಚು. ಆದರೆ ಅದರಲ್ಲಿ ವ್ಯಯವಾಗುವ ಶಕ್ತಿ 480 ವ್ಯಾಟ್! ಅಂಥ ಸ್ಥಳ ಬಿಸಿಯಾಗಿರಲೇಬೇಕು. ಕೈಯಿಂದ ತಡವುತ್ತ ಹೋದೆ. ಗಾಡಿಯ ಮೈಗೆ ಕಪ್ಪು ತಂತಿಗಳನ್ನು ಸೇರಿಸಿದ ಬೋಲ್ಟೊಂದು ಬೆರಳು ಸುಡುವಷ್ಟು ಕಾದಿತ್ತು. ಎಂಜಿನಿನ ದಪ್ಪ ಪಟ್ಟಿಯೂ ನಿಯಂತ್ರಕ ಪೆಟ್ಟಿಗೆಯ ತಂತಿಯೂ ಅದೇ ಬೋಲ್ಟಿನಲ್ಲಿ ಕೂಡಿದ್ದುವು. ಬ್ಯಾಟರಿಯ ಒತ್ತಡ ತಿರುಗಿಸುವಾಗ 9.8 ವೋಲ್ಟಿಗೆ ಇಳಿದು, ಅದರಲ್ಲಿ 2.4 ಈ ಬೋಲ್ಟಿನಲ್ಲಿ ಕಳೆದು, ಪೆಟ್ಟಿಗೆಯ ಪಾಲಿಗೆ ಉಳಿದದ್ದು 7.4. ಪಿಸ್ಟನ್ನು ಗಾಳಿಯನ್ನು ಒತ್ತುವ ಪ್ರತಿ ಘಳಿಗೆಯಲ್ಲಿ ಪ್ರವಾಹ ಇನ್ನೂ ಏರಿ ಒತ್ತಡ ಇನ್ನೂ ಕುಸಿಯುತ್ತದೆ. ಆಗ ಪೆಟ್ಟಿಗೆ ಎಣಿಕೆಯನ್ನು ಕೈಬಿಟ್ಟು ಮೊದಲಿನಿಂದ ಆರಂಭಿಸುತ್ತದೆ. ಬೋಲ್ಟು ತಣ್ಣಗಾದರೆ ಸಂಪರ್ಕ ಅಷ್ಟಿಷ್ಟು ಸುಧಾರಿಸುತ್ತದೆ. ಅರ್ಧ ತಾಸಿನ ರಹಸ್ಯ ಇದೇ.

ಹನ್ನೊಂದು ದಿನದ ರಹಸ್ಯವೂ ಇದರಿಂದಲೇ ಬಯಲಾಯಿತು. ಪೆಟ್ಟಿಗೆ ಬದಲಾಯಿಸುವಾಗ ಆ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿದಿದ್ದರು. ತುಕ್ಕಿನ ಪದರ ಗೀಚಿ ಲೋಹ ಲೋಹಕ್ಕೆ ತಗುಲಿತು. ಗುಣವಾದದ್ದು ಬಿಗಿದುದರಿಂದ, ಕೀರ್ತಿ ಸಂದದ್ದು ಪೆಟ್ಟಿಗೆಗೆ. ವೈದ್ಯಶಾಸ್ತ್ರದಲ್ಲಿಯೂ ಇಂಥ ಪ್ರಮಾದಗಳು ಕಡಿಮೆಯಿರಲಾರವು.

ಮಿತ್ರರದು ನೇಕಾರರ ಮನೆತನ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಬೆಸೆಯುತ್ತಾರಷ್ಟೆ. ತಂದೆಯವರು ನನ್ನ ಓಮನ ನಿಯಮವನ್ನೆಲ್ಲ ಕೇಳಿ, “ಹಂಗಾರ ಬಟ್ಟಿ ಕೆಟ್ಟಿದ್ದಿಲ್ಲ, ಕೊಂಡಿ ಸಡಿಲಾಗಿತ್ತು ಅನ್ರಿ” ಎಂದರು. ಅದಕ್ಕಿಂತ ಸರಿಯಾಗಿ ನಾನು ಹೇಳಲಾರೆ.

ಪೆಟ್ಟಿಗೆ ನಿಜವಾಗಿಯೂ ಕೆಡುವುದಿಲ್ಲವೆಂದು ವಾಚಕರು ಭಾವಿಸಬಾರದು. ರಭಸದ ನೀರಿನಿಂದ ಎಂಜಿನನ್ನು ತೊಳೆಯುವ ದುರಭ್ಯಾಸ ನಮ್ಮಲ್ಲಿ ಬಹಳ. ಆ ನೀರು ತಂತಿಯ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಏರಿ ಪೆಟ್ಟಿಗೆಯೊಳಕ್ಕೆ ಹೋಗಬಲ್ಲುದು. ಮುಚ್ಚಳ ತೆಗೆದಾಗ ಹಸಿರು ಕಿಲುಬು ಕಂಡರೆ ಬದಲಾವಣೆ ಅನಿವಾರ್ಯ. ಆಗ ಮೊದಲು ಬ್ಯಾಟರಿಯ ಋಣತಂತಿಯನ್ನು ಕಳಚಿ ಕೆಲವು ನಿಮಿಷ ಕಾಯಬೇಕು. ಒಳಗಿನ ಕೆಪಾಸಿಟರುಗಳು ಬರಿದಾಗಲಿ. ಕನೆಕ್ಟರಿನ ಕಡ್ಡಿಗಳಿಗೆ ಬೆರಳು ತಾಗಿಸಕೂಡದು, ಒಣ ಹವೆಯಲ್ಲಿ ನಮ್ಮ ಮೈಮೇಲಿನ ಸ್ಥಿರವಿದ್ಯುತ್ತೇ ಚಿಪ್ಪನ್ನು ಕೊಲ್ಲಬಲ್ಲುದು. ಸ್ಮೃತಿಯನ್ನು ಬರೆಯುವಾಗ ಬ್ಯಾಟರಿಗೆ ಚಾರ್ಜರನ್ನು ಜೋಡಿಸಿಯೇ ಇರಬೇಕು. ನಡುವೆ ಒತ್ತಡ ಕುಸಿದರೆ ಅರೆಬರೆದ ಪೆಟ್ಟಿಗೆ ಯಾವುದಕ್ಕೂ ಬಾರದು.

ಬೋಲ್ಟನ್ನು ಮರಳು ಕಾಗದದಿಂದ ಉಜ್ಜಿ, ಹೊಸ ವಾಷರು ಹಾಕಿ ಬಿಗಿದು, ಮೇಲೆ ಗ್ರೀಸು ಸವರಿದೆವು. ಮಾಪಕ 0.15 ವೋಲ್ಟ್ ತೋರಿಸಿತು. ಮೂಲದ ಪೆಟ್ಟಿಗೆಯನ್ನೇ ಮತ್ತೆ ಕೂರಿಸಿದೆವು. ಅಂದಿನಿಂದ ಅದು ತೊಂದರೆ ಕೊಟ್ಟಿಲ್ಲ. ಗುಜರಿಯ ಪೆಟ್ಟಿಗೆಯನ್ನು ಮಾರಿದವರು ಹಿಂದಕ್ಕೆ ಪಡೆಯಲು ಒಪ್ಪದ ಕಾರಣ ಅದು ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಮೇಜಿನ ಮೇಲೆ, ಮುಚ್ಚಳ ತೆಗೆದ ಸ್ಥಿತಿಯಲ್ಲಿ, ವಿದ್ಯಾರ್ಥಿಗಳ ಕೈಗೆ ಸಿಕ್ಕಿದೆ.