ಊರಿನ ಮ್ಯಾಪಿಗೆ ಬಣ್ಣ ಹಚ್ಚೋರು ಯಾರು?

ಬೆಂಗಳೂರಿನ ಮಾಸ್ಟರ್ ಪ್ಲಾನ್ ತೆಗೆದು ನೋಡಿದರೆ ಮೊದಲು ಕಾಣೋದು ಬಣ್ಣಗಳು. ಹಳದಿ ಅಂದ್ರೆ ಮನೆ, ನೀಲಿ ಅಂದ್ರೆ ಅಂಗಡಿ-ಆಫೀಸು, ನೇರಳೆ ಅಂದ್ರೆ ಕಾರ್ಖಾನೆ, ಹಸಿರು ಅಂದ್ರೆ ಪಾರ್ಕು. ಜೊತೆಗೆ ವಲಯ ನಿಯಮಾವಳಿ ಅಂತ ಒಂದು ಪುಸ್ತಕ ಇರತ್ತೆ. ಎಲ್ಲಿ ಏನು ಬರಬೇಕು ಅಂತ ಮ್ಯಾಪ್ ಹೇಳತ್ತೆ, ಎಷ್ಟು ಕಟ್ಟಬಹುದು ಅಂತ ಪುಸ್ತಕ ಹೇಳತ್ತೆ. ಎಫ್‌ಎಆರ್ 1.75 ಇದ್ದರೆ 1200 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 2100 ಚದರಡಿ, ಅಷ್ಟೇ. ಕಾಲೇಜಿನ ಸುತ್ತ ಇರೋ ಪಿಜಿಗಳ ಐದನೇ ಮಹಡಿ ಯಾವ ಲೆಕ್ಕದಲ್ಲಿ ಬಂತು ಅಂತ ಮಾತ್ರ ಕೇಳಬೇಡಿ.

ಈ ಬಣ್ಣಕ್ಕೆ ಕಾನೂನಿನ ಬಲ ಕೊಡೋದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮೊದಲು ಯೋಜನಾ ಪ್ರಾಧಿಕಾರ ಈಗಿನ ಭೂ ಬಳಕೆಯ ಸರ್ವೆ ಮಾಡತ್ತೆ, ಮುಂದಿನ ಜನಸಂಖ್ಯೆ ಅಂದಾಜು ಮಾಡತ್ತೆ, ಕರಡು ಬರೆಯತ್ತೆ. ಅದಕ್ಕೆ ರಾಜ್ಯ ಸರ್ಕಾರ ತಾತ್ಕಾಲಿಕ ಅನುಮೋದನೆ ಕೊಟ್ಟಮೇಲೆ ಕರಡನ್ನ ಪ್ರಕಟಿಸಿ, ಜನ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸೋಕೆ 60 ದಿನ ಕೊಡ್ತಾರೆ. ಬಂದ ಆಕ್ಷೇಪಣೆಗಳನ್ನ ಪ್ರಾಧಿಕಾರ ನೋಡಿ, ಬೇಕಾದ ಬದಲಾವಣೆ ಸೂಚಿಸಿ ಮತ್ತೆ ಸರ್ಕಾರಕ್ಕೆ ಕಳಿಸತ್ತೆ. ಕೊನೇ ಸಹಿ ಸರ್ಕಾರದ್ದೇ. ಈ ಇಡೀ ದಾರಿಯಲ್ಲಿ ನಮ್ಮ ಮಾತಿಗೆ ಕಾನೂನು ಬರೆದಿಟ್ಟಿರೋ ಜಾಗ ಆ 60 ದಿನ.

ಒಮ್ಮೆ ಪ್ಲಾನ್ ಅಂತಿಮವಾದರೆ ಅದನ್ನ ಅಲ್ಲಾಡಿಸೋದು ಎಷ್ಟು ಕಷ್ಟ ಅನ್ನೋದಕ್ಕೆ ಕೆರೆಗಳ ಕಥೆ ನೋಡಿ. 2007ರಲ್ಲಿ ಅನುಮೋದನೆಯಾದ ಬಿಡಿಎ ಪ್ಲಾನು ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕು ಅಂದಿತ್ತು. ಕಾಲುವೆಯ ಅಳತೆ ಶುರುವಾಗೋದು ಅಂಚಿನಿಂದ ಅಲ್ಲ, ಮಧ್ಯದಿಂದ! ಅಂದ್ರೆ 10 ಮೀಟರ್ ಅಗಲದ ಕಾಲುವೆಯಾದರೆ 15ರಲ್ಲಿ 5 ಮೀಟರ್ ನೀರಿಗೇ ಹೋಯ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಬಿಡಿ ಅಂತ ಆದೇಶ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಕಾಯ್ದೆ ಪ್ರಕಾರ ಜಾರಿಯಾದ ಪ್ಲಾನನ್ನ ನ್ಯಾಯಮಂಡಳಿ ಬದಲಾಯಿಸೋ ಹಾಗಿಲ್ಲ ಅಂತ. ಇದು ಬರೀ ಕಾಗದದ ಜಗಳ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರನ್ನ ನಾವೆಲ್ಲ ಟಿವಿಯಲ್ಲಿ ನೋಡಿದ್ವಲ್ಲ.

ಇನ್ನೊಂದು ವಿಚಿತ್ರ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ನಗರಸಭೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ, ಮೊದಲನೇದೇ ನಗರ ಯೋಜನೆ. ಆದರೆ 2007ರ ಪ್ಲಾನ್ ಮಾಡಿದ ಬಿಡಿಎ ನಾವು ಓಟು ಹಾಕಿ ಆರಿಸೋ ಸಂಸ್ಥೆ ಅಲ್ಲ. ಕಾರ್ಪೊರೇಟರ್ ಹತ್ತಿರ ಚರಂಡಿ ಬಗ್ಗೆ ಜಗಳ ಆಡಬಹುದು, ಚರಂಡಿ ಪಕ್ಕದ ಜಾಗದ ಬಣ್ಣ ಮಾತ್ರ ಅವರ ಕೈಲಿಲ್ಲ. ಆ ಕಾರ್ಪೊರೇಟರ್‌ಗಳ ಅವಧಿಯೂ 2020ರ ಸೆಪ್ಟೆಂಬರ್‌ನಲ್ಲಿ ಮುಗಿದುಹೋಯ್ತು.

ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಣೆ ಆಗಬೇಕು. 2031ರ ಕರಡು 2017ರ ನವೆಂಬರ್‌ನಲ್ಲಿ ಬಂತು, ಸಾವಿರಾರು ಆಕ್ಷೇಪಣೆ ಬಂದವು, 2020ರಲ್ಲಿ ಸರ್ಕಾರ ಅದನ್ನ ವಾಪಸ್ ತಗೊಂಡು ಹೊಸದಾಗಿ ಶುರು ಮಾಡಿ ಅಂತು. ಹೀಗಾಗಿ ಹೆಸರಲ್ಲೇ '2015' ಇರೋ ಪ್ಲಾನು 2015 ದಾಟಿದ ಮೇಲೂ ಓಡ್ತಾನೇ ಬಂತು. ಮಧ್ಯದಲ್ಲಿ ಬೇಕಾದವರು 14ಎ ಕಲಮಿನಡಿ ಒಂದೊಂದೇ ಜಾಗದ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕ್ತಾರೆ. ನನ್ನ ಪ್ರಕಾರ ನಿಜವಾದ ಪ್ಲಾನಿಂಗ್ ನಡೆಯೋದು ಇಲ್ಲೇ, ಸದ್ದಿಲ್ಲದೆ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರತ್ತೆ, ಆಕ್ಷೇಪಣೆಗೆ ಕನಿಷ್ಠ 15 ದಿನ ಇರತ್ತೆ.

ಆಕ್ಷೇಪಣೆ ಬರೆಯೋದಾದರೆ "ಪರಿಸರ ಉಳಿಸಿ" ಅಂತ ಬರೆದು ಕಳಿಸಿದರೆ ಉಪಯೋಗ ಕಡಿಮೆ. ಸರ್ವೆ ನಂಬರ್, ಕರಡಿನಲ್ಲಿ ಆ ಜಾಗಕ್ಕೆ ಹಚ್ಚಿರೋ ಬಣ್ಣ, ಅಲ್ಲಿ ನಿಜವಾಗಿ ಇರೋದು ಏನು, ಯಾವ ನಿಯಮಕ್ಕೆ ವಿರುದ್ಧ, ಬದಲಿಗೆ ಏನು ಬೇಕು: ಇಷ್ಟು ಬರೆಯಿರಿ, ಫೋಟೋ ಇಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಗಳಲ್ಲಿ ಕೆರೆ-ಕಾಲುವೆ ಗುರುತು ಇರತ್ತೆ. ಅದನ್ನ ಕರಡಿನ ಮೇಲೆ ಇಟ್ಟು ಹೋಲಿಸೋ ಕೆಲಸ ಕ್ಯೂಜಿಐಎಸ್ ಕಲಿತ ಯಾವ ಸಿವಿಲ್ ಸ್ಟೂಡೆಂಟ್ ಬೇಕಾದರೂ ಮಾಡಬಹುದು.